ಹೆಬ್ಬಾತಿಗೆ ಕೆರೆ ಮಲಗುವ ಮನೆ, ನಮ್ಮ ಹೊಲ ಅಡುಗೆಮನೆ

ನಾಲ್ಕು ವರ್ಷದ ಹಿಂದಿನ ಮಾತು. ಡಿಸೆಂಬರ್ ಮೊದಲ ವಾರ ಒಂದು ಬೆಳಿಗ್ಗೆ ಹೊಲಕ್ಕೆ ಹೋದೆ. ತಡವಾಗಿ ಬಿತ್ತಿದ ಕಡಲೆ, ಹದಿನೈದು ದಿನದ ಪೈರು. ಹಿಂದಿನ ಸಂಜೆ ಸಾಲುಸಾಲಾಗಿ ಹಸಿರು ಕಂಡ ಜಾಗದಲ್ಲಿ ಅರ್ಧ ಎಕರೆಯಷ್ಟು ಬರೀ ಕರಿಮಣ್ಣು. ಅದರ ತುಂಬ ಜಾಲಪಾದದ ಗುರುತು, ಹಿಕ್ಕೆ. ಕೆರೆಯ ಹಕ್ಕಿ ರಾತ್ರಿ ಇಳಿದು ಮೇಯ್ದು ಹೋಗಿದ್ದವು.

ನಮ್ಮ ಹೊಲ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹತ್ತಿರ. ಬೆಂಗಳೂರು ಕಡೆಯ ಮಾಗಡಿ ಅಲ್ಲ. ಇರುವುದು ನಾಲ್ಕೆಕರೆ. ಅದರಲ್ಲಿ ಅರ್ಧ ಎಕರೆ ಹೋದರೆ ಎಷ್ಟು ಹೊಟ್ಟೆ ಉರಿಯುತ್ತದೆ ಎಂದು ಸಣ್ಣ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಟ್ಟಿನಲ್ಲಿ ಪೇಟೆಗೆ ಹೋಗಿ ವಿಷದ ಪೊಟ್ಟಣ ತಂದೆ. ಜೋಳಕ್ಕೆ ಕಲೆಸಿ ಚೆಲ್ಲುವ ವಿಚಾರ. ಅಪ್ಪ ನೋಡಿದ. "ಆ ಹೊಲದಾಗ ನಾಳೆ ನಮ್ಮ ಆಡು ಮೇಯಂಗಿಲ್ಲೇನು? ಆ ನೀರು ದನ ಕುಡಿಯಂಗಿಲ್ಲೇನು?" ಅಂದ. ಅಷ್ಟೇ. ಪೊಟ್ಟಣ ವಾಪಸ್ ಹೋಯಿತು. ಹಕ್ಕಿಗೆ ವಿಷ ಹಾಕುವುದು ಕಾನೂನಿನ ಪ್ರಕಾರವೂ ಅಪರಾಧ. ಆದರೆ ಅವತ್ತು ನನ್ನ ಕೈ ತಡೆದದ್ದು ಕಾನೂನಲ್ಲ, ಅಪ್ಪನ ಮಾತು.

ಆಮೇಲೆ ಈ ಹಕ್ಕಿ ಏನು ಮಾಡುತ್ತದೆ ಎಂದು ನೋಡತೊಡಗಿದೆ. ಕಂಡದ್ದು, ಕೇಳಿ ತಿಳಿದದ್ದು ಇಲ್ಲಿ ಬರೆದಿದ್ದೇನೆ.

ನೀರಾವರಿ ಕೆರೆಗೆ ಹಕ್ಕಿ ಬಂದದ್ದು

ಮಾಗಡಿ ಕೆರೆ ತಾನಾಗಿ ಹುಟ್ಟಿದ ಸರೋವರ ಅಲ್ಲ. ಮಳೆನೀರು ಹಿಡಿದು ಹೊಲಕ್ಕೆ ಬಿಡಲು ಹಿರಿಯರು ಕಟ್ಟಿದ್ದು. ವಿಸ್ತೀರ್ಣ ಸುಮಾರು 54 ಹೆಕ್ಟೇರು, ಎಕರೆ ಲೆಕ್ಕದಲ್ಲಿ 135ರ ಆಸುಪಾಸು. ಇಷ್ಟು ಸಣ್ಣ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿ ದಾಖಲಾಗಿವೆ. ಅವುಗಳಲ್ಲಿ 130 ವಲಸೆ ಬರುವವು. ಚಳಿಗಾಲಕ್ಕೆ ಸುಮಾರು 8 ಸಾವಿರ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದರೆ ಅದೇ ಈ ಹಕ್ಕಿ. ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆ. ಹಿಮಾಲಯ ದಾಟಿ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿದ್ದುಂಟು.

2024ರ ಜನವರಿ ಕೊನೆಗೆ ನಮ್ಮ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೂ ಆಗಲೇ ಸೇರಿದವು. ಅದಕ್ಕೆ ಮೊದಲು ರಾಜ್ಯದಿಂದ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಅದು 2022ರಲ್ಲಿ ಸೇರಿತ್ತು.

ಉಣ್ಣುವುದು ಎಲ್ಲಿ?

ಇದು ಮುಖ್ಯ ಪ್ರಶ್ನೆ. ಹೆಬ್ಬಾತು ಮೀನು ತಿಂದು ಬದುಕುವ ಹಕ್ಕಿ ಅಲ್ಲ. ದನದ ಹಾಗೆ ಮೇಯುವ ಹಕ್ಕಿ. ಅದರ ಕೊಕ್ಕು ಹುಲ್ಲು ಕತ್ತರಿಸಲಿಕ್ಕೇ ಇರುವಂಥದ್ದು. ಹಗಲು ನೀರಿನಲ್ಲಿ, ದಂಡೆಯಲ್ಲಿ ಗುಂಪಾಗಿ ವಿಶ್ರಾಂತಿ. ನಾಯಿ, ನರಿ ಬಂದರೆ ನೀರಿಗೆ ಇಳಿದರಾಯಿತು. ಹೊತ್ತು ಮುಳುಗಿದ ಮೇಲೆ ಸಾಲುಗಟ್ಟಿ ಹೊಲಗಳಿಗೆ. ಶೇಂಗಾ, ಕಡಲೆ, ಗೋಧಿ ಪೈರು, ಉದುರಿದ ಕಾಳು, ಹುಲ್ಲು. ಬೆಳಗಿನ ಜಾವ ಮತ್ತೆ ಕೆರೆಗೆ.

ಅಂದರೆ ಕೆರೆ ಇವುಗಳ ಮಲಗುವ ಮನೆ. ಅಡುಗೆಮನೆ ನಮ್ಮ ಹೊಲ. ಕೆರೆಗೆ ಬೇಲಿ ಹಾಕಿ, ಬೋರ್ಡು ನಿಲ್ಲಿಸಿ ಹಕ್ಕಿ ಉಳಿಸಿದೆವು ಎಂದರೆ ಅರ್ಧ ಕೆಲಸ ಆಯಿತು. ಸುತ್ತಲಿನ ರೈತ ಮುನಿಸಿಕೊಂಡರೆ ಇನ್ನರ್ಧ ಕೆಡುತ್ತದೆ.

ಹೊಲದಲ್ಲಿ ಕಲಿತದ್ದು

ಎಲ್ಲ ಮೇವೂ ನಷ್ಟವಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಹೆಕ್ಕಿದರೆ ನಮಗೇನು ಹೋಯಿತು? ಹಿಕ್ಕೆ ಗೊಬ್ಬರವಾಗಿ ಬೀಳುತ್ತದೆ. ಕಡಲೆ ತಿಂಗಳು ದಾಟಿದ ಮೇಲೆ ಕುಡಿ ಚಿವುಟುವ ರೂಢಿ ನಮ್ಮಲ್ಲೇ ಇದೆ, ಕವಲು ಹೆಚ್ಚಲಿ ಎಂದು. ಆಗ ಹಕ್ಕಿ ಒಂದಿಷ್ಟು ಕುಡಿ ಕಡಿದರೂ ಗಿಡ ಚೇತರಿಸಿಕೊಂಡದ್ದನ್ನು ನೋಡಿದ್ದೇನೆ. ನಷ್ಟ ಆಗುವುದು ಎಳೆ ಸಸಿಯನ್ನು ಬೇರು ಸಮೇತ ಎಳೆದಾಗ, ಹಸಿ ಮಣ್ಣನ್ನು ತುಳಿದು ಗಟ್ಟಿ ಮಾಡಿದಾಗ.

ಆದ್ದರಿಂದ ಕೆರೆ ಬದಿಯ ತುಂಡಿನಲ್ಲಿ ನಾನು ಈಗ ತಡವಾಗಿ ಬಿತ್ತುವುದಿಲ್ಲ. ಹಕ್ಕಿಯ ದೊಡ್ಡ ಹಿಂಡು ಇಳಿಯುವ ಹೊತ್ತಿಗೆ ಗಿಡ ನೆಲಕ್ಕೆ ಊರಿಕೊಂಡಿರಬೇಕು. ಎರಡನೆಯದು, ಹೆಬ್ಬಾತಿಗೆ ಸುತ್ತ ಕಣ್ಣು ಹರಿಯುವ ಬಯಲು ಬೇಕು, ಮರೆ ಇದ್ದಲ್ಲಿ ಇಳಿಯಲು ಹೆದರುತ್ತದೆ. ಹೊಲದ ಸುತ್ತ ನಾಲ್ಕು ಸಾಲು, ನಡುವೆ ಅಲ್ಲಲ್ಲಿ ಎರಡು ಸಾಲು ಜೋಳ ಹಾಕಿದೆ. ಪೂರ್ತಿ ನಿಲ್ಲಲಿಲ್ಲ, ಆದರೆ ಅರ್ಧ ಎಕರೆ ಹೋಗುತ್ತಿದ್ದಲ್ಲಿ ಈಗ ಎರಡು-ಮೂರು ಗುಂಟೆ ಹೋಗುತ್ತದೆ. ಜೋಳದ ಕಣಿಕೆ ದನಕ್ಕಾಯಿತು. ಪಟಾಕಿ ಹೊಡೆದು ನೋಡಿದವರಿದ್ದಾರೆ. ಹಿಂಡು ಎದ್ದು ಪಕ್ಕದವನ ಹೊಲಕ್ಕೆ ಇಳಿಯುತ್ತದೆ, ಜಗಳ ನಮ್ಮ ನಮ್ಮಲ್ಲಿ.

ಹೂಳು ಮತ್ತು ಹಸಿರು ನೀರು

ಕೆರೆಗೂ ನಮ್ಮಿಂದ ಆಗಬೇಕಾದ್ದಿದೆ. ಹೂಳು ತೆಗೆಯದಿದ್ದರೆ ನೀರು ನಿಲ್ಲದು. ಯಂತ್ರ ಇಳಿಸಿ ಬಾಣಲೆಯಂತೆ ಒಂದೇ ಸಮ ಆಳ ಮಾಡಿದರೆ ಹಕ್ಕಿಗೆ ಬೇಕಾದ ಇಳಿಜಾರು ದಂಡೆಯೂ ಮೊಳಕಾಲುದ್ದ ನೀರೂ ಹೋಗುತ್ತವೆ. ದನಕ್ಕೂ ನೀರಿಗೆ ಇಳಿಯುವ ದಾರಿ ಇರದು. ನಡುವೆ ಆಳ, ಅಂಚಿಗೆ ಇಳಿಜಾರು ಉಳಿಸಿ ತೆಗೆಯಬೇಕು. ಅದೂ ಹಕ್ಕಿ ಮರಳಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ. ಆ ಮಣ್ಣು ಹೊಲಕ್ಕೆ ಹಾಕುವುದು ನಮ್ಮ ಹಳೆಯ ಪದ್ಧತಿಯೇ.

ಇನ್ನು ಗೊಬ್ಬರ. ಹೊಲದ ಯೂರಿಯಾ, ಡಿಎಪಿ ಮಳೆಗೆ ತೊಳೆದು ಕೆರೆ ಸೇರಿದರೆ ಪಾಚಿ ಉಕ್ಕುತ್ತದೆ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಇಳಿಯುತ್ತದೆ. ಮೀನು ಸಾಯುತ್ತದೆ, ದನ ಮೂಸಿ ತಿರುಗುತ್ತದೆ. ಕೆರೆ ಕಡೆಯ ಬದುವಿನಲ್ಲಿ ಎರಡು ಮಾರು ಹುಲ್ಲು ಬೆಳೆಯಬಿಟ್ಟರೆ ಮಣ್ಣೂ ಗೊಬ್ಬರವೂ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತವೆ. ನಾವು ಕೊಂಡ ಗೊಬ್ಬರ ನಮ್ಮಲ್ಲೇ ಉಳಿದ ಹಾಗೂ ಆಯಿತು.

ಹೊಲ ಹೋಗುತ್ತದೆಯೇ?

"ರಾಮ್ಸಾರ್ ಅಂದ್ರ ಇನ್ನ ಹೊಲ ಕಸಗೋತಾರ" ಎಂಬ ಸುದ್ದಿ ನಮ್ಮಲ್ಲಿ ಓಡಾಡಿತು. ರಾಮ್ಸಾರ್ ಎಂಬುದು ಇರಾನಿನ ಊರು. ಜೌಗು ಪ್ರದೇಶಗಳ ಒಪ್ಪಂದ ಅಲ್ಲಿ 1971ರಲ್ಲಿ ಆಯಿತು. ಅದರ ತಿರುಳೇ ವಿವೇಕದ ಬಳಕೆ. ಬಳಸಬೇಡಿ ಎನ್ನುವುದಿಲ್ಲ, ಕೆಡಿಸದೆ ಬಳಸಿ ಎನ್ನುತ್ತದೆ.

ನಮ್ಮ ಕೆರೆ ಸಂರಕ್ಷಣಾ ಮೀಸಲು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಈ ಬಗೆ ಬಂತು. ಸರ್ಕಾರದ ಜಾಗವನ್ನು ಮಾತ್ರ, ಸ್ಥಳೀಯರೊಂದಿಗೆ ಸಮಾಲೋಚಿಸಿದ ಮೇಲೆ, ಹೀಗೆ ಘೋಷಿಸಬಹುದು. ಖಾಸಗಿ ಹೊಲ ಇದರೊಳಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಇಂಥ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ತಲಾ ಒಬ್ಬರು, ಸಂಸ್ಥೆಗಳಿಂದ ಮೂವರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಪಂಚಾಯಿತಿಯ ಕುರ್ಚಿ ನಮ್ಮದು. ಅಲ್ಲಿ ಕೂರುವವರಿಗೆ ನಮ್ಮ ಹೊಲದ ಲೆಕ್ಕ ಗೊತ್ತಿರಬೇಕು. ಯಾವ ಸರ್ವೆ ನಂಬರಿನಲ್ಲಿ, ಯಾವ ವಾರ, ಎಷ್ಟು ಗುಂಟೆ ಹೋಯಿತು ಎಂದು ಫೋಟೊ ಸಮೇತ ಬರೆದಿಟ್ಟರೆ ಮಾತಿಗೆ ತೂಕ ಬರುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಖರ್ಚು ಯಾರದು?

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಹುಣಸೆ ಫಸಲು ಕಳೆದುಕೊಳ್ಳುವ ಮಾಲೀಕರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಬೆಳೆದು ಬಂದಿದೆ. ಮೊತ್ತ ದೊಡ್ಡದಲ್ಲದಿರಬಹುದು, ತತ್ವ ಸರಿ. ಹಕ್ಕಿ ನೋಡಿ ಖುಷಿಪಡುವವರು ಊರೂರಿನವರು. ಉಣ್ಣಿಸುವವರು ಕೆರೆ ಬದಿಯ ನಾಲ್ಕೆಂಟು ಮನೆಯವರು. ಭಾರ ಹಂಚಿಕೆ ಆಗಬೇಕು. ಕೆರೆ ನೋಡಲು ಬರುವವರಿಂದ ಊರಿಗೆ ಏನಾದರೂ ಹುಟ್ಟುವುದಾದರೆ ಅದರ ಒಂದು ಪಾಲು ಆ ಮನೆಗಳಿಗೆ ಮೊದಲು ಹೋಗಬೇಕು ಎಂಬುದು ನನ್ನ ಮಾತು.

ಕಳೆದ ಚಳಿಗಾಲ ಅಪ್ಪ ಸಂಜೆ ಕಟ್ಟೆಯ ಮೇಲೆ ಕೂತು ಹಿಂಡು ಏಳುವುದನ್ನು ನೋಡುತ್ತಿದ್ದ. "ಇವತ್ತ ಯಾರ ಹೊಲಕ್ಕ ಹೊಂಟಾವೋ" ಅಂದ. ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು.

ನಿಮ್ಮೂರ ಕೆರೆಗೂ ಇಂಥ ನೆಂಟರು ಬರುತ್ತಿದ್ದರೆ, ಬೆಳೆ ಉಳಿಸಿಕೊಳ್ಳಲು ನೀವು ಏನು ಮಾಡಿದಿರಿ? ಬರೆದು ತಿಳಿಸಿ.