ಹೊರಗುತ್ತಿಗೆ ಸಿಬ್ಬಂದಿ ಮತ್ತು ಗಣಕ ವ್ಯವಸ್ಥೆಯ ಪ್ರವೇಶಾಧಿಕಾರ

ಪೀಠಿಕೆ

ಸಾರ್ವಜನಿಕ ಸಂಸ್ಥೆಯೊಂದರ ಗಣಕ ವ್ಯವಸ್ಥೆಯನ್ನು ಇಂದು ಬಳಸುವವರು ಆ ಸಂಸ್ಥೆಯ ನೌಕರರು ಮಾತ್ರವಲ್ಲ. ಏಜೆನ್ಸಿಯ ಮೂಲಕ ಬಂದ ಡೇಟಾ ಎಂಟ್ರಿ ಆಪರೇಟರುಗಳು, ತಂತ್ರಾಂಶವನ್ನು ರೂಪಿಸಿಕೊಟ್ಟ ಕಂಪನಿಯ ತಂತ್ರಜ್ಞರು, ಯಂತ್ರಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರು, ಲೆಕ್ಕಪರಿಶೋಧಕರು, ಅಲ್ಪಾವಧಿಯ ಯೋಜನಾ ಸಹಾಯಕರು, ಹೀಗೆ ಹೊರಗಿನಿಂದ ಬಂದು ಒಳಗಿನ ಕೆಲಸ ನಿರ್ವಹಿಸುವ ಒಂದು ದೊಡ್ಡ ವರ್ಗವೇ ಇದೆ. ಇವರಿಗೆ ವ್ಯವಸ್ಥೆಯೊಳಗೆ ಪ್ರವೇಶ ನೀಡದೆ ಕೆಲಸ ನಡೆಯದು. ನೀಡಿದ ಪ್ರವೇಶದ ಲೆಕ್ಕವಿಡದಿದ್ದರೆ ದಾಖಲೆಗಳ ವಿಶ್ವಾಸಾರ್ಹತೆ ಉಳಿಯದು. ಈ ಇಕ್ಕಟ್ಟಿನ ಸ್ವರೂಪವನ್ನು ಮೂರು ನಿದರ್ಶನಗಳ ಮೂಲಕ ವಿವರಿಸಿ, ಸಂಸ್ಥೆಗಳು ಅನುಸರಿಸಬಹುದಾದ ಕ್ರಮವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಸ್ಯೆಯ ಮೂಲ

ಖಾಯಂ ನೌಕರನ ಸೇವೆಗೆ ಸ್ಪಷ್ಟವಾದ ಆರಂಭ ಮತ್ತು ಅಂತ್ಯಗಳಿವೆ. ನೇಮಕಾತಿ ಆದೇಶ, ಸೇವಾ ಪುಸ್ತಕ, ವರ್ಗಾವಣೆಯ ಆದೇಶ, ನಿವೃತ್ತಿಯ ದಿನಾಂಕ ಇವೆಲ್ಲವೂ ಕಚೇರಿಯ ಕಡತದಲ್ಲಿರುತ್ತವೆ. ಆತನು ಹೊರಟುಹೋದ ದಿನ ಸಿಬ್ಬಂದಿ ಶಾಖೆಗೆ ಅದು ತಿಳಿದೇ ಇರುತ್ತದೆ. ಹೊರಗುತ್ತಿಗೆಯ ಸಿಬ್ಬಂದಿಯ ವಿಷಯ ಹಾಗಲ್ಲ. ಸಂಸ್ಥೆಯ ಒಪ್ಪಂದವಿರುವುದು ಏಜೆನ್ಸಿಯೊಡನೆಯೇ ಹೊರತು ವ್ಯಕ್ತಿಯೊಡನೆ ಅಲ್ಲ. ಏಜೆನ್ಸಿಯು ಒಬ್ಬನನ್ನು ಹಿಂದಕ್ಕೆ ಕರೆದು ಮತ್ತೊಬ್ಬನನ್ನು ಕಳುಹಿಸಿದಾಗ ಕಡತದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಹೊಸಬನಿಗೆ ಹಳಬನ ಪಾಸ್‌ವರ್ಡನ್ನೇ ಹೇಳಿಕೊಡಲಾಗುತ್ತದೆ. ಹಳಬನಿಗೂ ಅದು ನೆನಪಿನಲ್ಲಿರುತ್ತದೆ. ಪ್ರವೇಶ ನೀಡುವಾಗ ಇರುವ ಅವಸರ ಅದನ್ನು ಹಿಂಪಡೆಯುವಾಗ ಯಾರಿಗೂ ಇರುವುದಿಲ್ಲ. ಆದ್ದರಿಂದ ಇದು ಮೂಲತಃ ತಾಂತ್ರಿಕ ಸಮಸ್ಯೆಯಲ್ಲ, ಆಡಳಿತದ ಸಮಸ್ಯೆ ಎಂಬುದನ್ನು ಮೊದಲು ಗ್ರಹಿಸಬೇಕು.

ಎರಡು ವಿದೇಶೀ ನಿದರ್ಶನಗಳು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮರೂಚಿ ಎಂಬಲ್ಲಿ 2000ನೆಯ ಇಸವಿಯಲ್ಲಿ ನಡೆದ ಪ್ರಕರಣವು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಅಲ್ಲಿನ ಸ್ಥಳೀಯ ಆಡಳಿತದ ಒಳಚರಂಡಿ ವ್ಯವಸ್ಥೆಯ 142 ಪಂಪಿಂಗ್ ಕೇಂದ್ರಗಳನ್ನು ರೇಡಿಯೋ ಸಂಕೇತಗಳ ಮೂಲಕ ಗಣಕದಿಂದ ನಿಯಂತ್ರಿಸಲಾಗುತ್ತಿತ್ತು. ಈ ಉಪಕರಣಗಳನ್ನು ಅಳವಡಿಸಿದ್ದು ಗುತ್ತಿಗೆ ಪಡೆದ ಖಾಸಗಿ ಕಂಪನಿ. ಆ ಕಂಪನಿಯನ್ನು ಬಿಟ್ಟ ತಂತ್ರಜ್ಞನೊಬ್ಬನು ಸ್ಥಳೀಯ ಆಡಳಿತದಲ್ಲಿ ಕೆಲಸ ಕೋರಿ, ಅದು ದೊರೆಯದೆ ಹೋದಾಗ, ತನ್ನ ಬಳಿಯಿದ್ದ ಗಣಕ ಮತ್ತು ರೇಡಿಯೋ ಉಪಕರಣಗಳಿಂದ ಕನಿಷ್ಠ 46 ಬಾರಿ ತಪ್ಪು ಆದೇಶಗಳನ್ನು ರವಾನಿಸಿದನು. ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನಗಳಿಗೂ ಹೊಳೆಗಳಿಗೂ ಹರಿಯಿತು. ಮೊದಮೊದಲು ಇದನ್ನು ಯಂತ್ರದೋಷವೆಂದೇ ಭಾವಿಸಲಾಗಿತ್ತು. 2001ರಲ್ಲಿ ಆತನಿಗೆ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆತನು ಸ್ಥಳೀಯ ಆಡಳಿತದ ನೌಕರನಾಗಿರಲಿಲ್ಲ. ಆತನ ಉದ್ಯೋಗ ಮುಗಿದಿತ್ತು. ವ್ಯವಸ್ಥೆಯನ್ನು ಚಾಲನೆಗೊಳಿಸುವ ಸಾಮರ್ಥ್ಯ ಮಾತ್ರ ಆತನ ಕೈಯಲ್ಲಿ ಉಳಿದುಕೊಂಡಿತ್ತು.

ಎರಡನೆಯದು ಅಮೆರಿಕದ ಟಾರ್ಗೆಟ್ ಎಂಬ ಚಿಲ್ಲರೆ ವ್ಯಾಪಾರ ಸಂಸ್ಥೆಯ ಪ್ರಕರಣ. 2013ರ ಕೊನೆಯಲ್ಲಿ ಈ ಸಂಸ್ಥೆಯ ಗ್ರಾಹಕರ ಸುಮಾರು 4 ಕೋಟಿ ಕಾರ್ಡುಗಳ ವಿವರಗಳು ಕಳುವಾದವು. ಕಳ್ಳರು ಒಳಹೊಕ್ಕಿದ್ದು ಶೈತ್ಯೀಕರಣ ಯಂತ್ರಗಳ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರೊಬ್ಬರ ಬಳಕೆದಾರ ಖಾತೆಯ ಮೂಲಕ. ಆ ಗುತ್ತಿಗೆದಾರರಿಗೆ ಪ್ರವೇಶ ನೀಡಿದ್ದು ಬಿಲ್ಲುಗಳನ್ನು ಸಲ್ಲಿಸುವುದೇ ಮೊದಲಾದ ಸಾಮಾನ್ಯ ಕೆಲಸಗಳಿಗಾಗಿ. ಅವರ ಉದ್ದೇಶದಲ್ಲಿ ದೋಷವಿರಲಿಲ್ಲ. ಮೋಸದ ಇ-ಮೇಲ್ ಒಂದರಿಂದ ಅವರ ಪಾಸ್‌ವರ್ಡ್ ಕಳ್ಳರ ಪಾಲಾಗಿತ್ತು. ಆದರೆ ಬಿಲ್ಲಿನ ವಿಭಾಗದಿಂದ ಹಣ ಪಾವತಿಯ ಯಂತ್ರಗಳವರೆಗೆ ದಾರಿ ತೆರೆದಿದ್ದುದು ಸಂಸ್ಥೆಯದೇ ಲೋಪ. ಈ ಸಂಬಂಧದಲ್ಲಿ 2017ರಲ್ಲಿ ಸಂಸ್ಥೆಯು ಅಲ್ಲಿನ ರಾಜ್ಯಗಳಿಗೆ 1.85 ಕೋಟಿ ಡಾಲರ್ ತೆರಲು ಒಪ್ಪಿಕೊಂಡಿತು.

ಕರ್ನಾಟಕದ ‘ಭೂಮಿ’ ಯೋಜನೆ

ಮೇಲಿನ ಎರಡು ನಿದರ್ಶನಗಳು ಲೋಪವನ್ನು ತೋರಿಸಿದರೆ, ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ಎಚ್ಚರದ ಒಂದು ಮಾದರಿಯನ್ನು ಒದಗಿಸುತ್ತದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಇಷ್ಟು ದೊಡ್ಡ ಪ್ರಮಾಣದ ನಮೂದನೆಯನ್ನು ಖಾಸಗಿ ಏಜೆನ್ಸಿಗಳ ಮೂಲಕ ಮಾಡಿಸಲಾಯಿತು. ಹೀಗೆ ನಮೂದಿಸಿದ ಪ್ರತಿಗಳನ್ನು ಮುದ್ರಿಸಿ, ಕೈಬರಹದ ಮೂಲದೊಡನೆ ತಾಳೆ ನೋಡಿ ದೃಢೀಕರಿಸುವ ಹೊಣೆ ಮಾತ್ರ ಗ್ರಾಮಲೆಕ್ಕಿಗರೇ ಮೊದಲಾದ ಕಂದಾಯ ಇಲಾಖೆಯ ನೌಕರರದೇ ಆಗಿತ್ತು. ಮುಂದೆ ಮ್ಯುಟೇಷನ್ ನಮೂದುಗಳ ಹಂತದಲ್ಲಿ ಬೆರಳಚ್ಚಿನ ಗುರುತನ್ನು ಕಡ್ಡಾಯಗೊಳಿಸಿ, ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲಾಗುವಂತೆ ಮಾಡಲಾಯಿತು. ಬೆರಳು ಮುಟ್ಟಿಸುವ ಕೆಲಸವನ್ನು ಪಾಸ್‌ವರ್ಡಿನಂತೆ ಬಾಯಿಮಾತಿನಲ್ಲಿ ಮತ್ತೊಬ್ಬರಿಗೆ ದಾಟಿಸಲಾಗದು. ದುಡಿಮೆಯನ್ನು ಹೊರಗಿನವರಿಗೆ ವಹಿಸಬಹುದು, ದೃಢೀಕರಣದ ಅಧಿಕಾರವನ್ನು ವಹಿಸಲಾಗದು ಎಂಬ ತತ್ತ್ವ ಇದರಲ್ಲಿ ಅಡಕವಾಗಿದೆ.

ಅನುಸರಿಸಬೇಕಾದ ಕ್ರಮ

ಈ ನಿದರ್ಶನಗಳ ಹಿನ್ನೆಲೆಯಲ್ಲಿ ನಾಲ್ಕು ಅಂಶಗಳನ್ನು ಸೂಚಿಸಬಹುದು.

ಒಂದು, ಖಾತೆಯು ವ್ಯಕ್ತಿಯ ಹೆಸರಿನಲ್ಲಿರಬೇಕು, ಏಜೆನ್ಸಿಯ ಹೆಸರಿನಲ್ಲಲ್ಲ. ಐದು ಮಂದಿ ಒಂದೇ ಪಾಸ್‌ವರ್ಡನ್ನು ಬಳಸಿದರೆ ದಾಖಲೆಯೊಂದು ತಿದ್ದಲ್ಪಟ್ಟಾಗ ಐವರ ಮೇಲೂ ಸಂಶಯ ಬೀಳುತ್ತದೆ. ಅವರಲ್ಲಿ ಅತ್ಯಂತ ಕಡಿಮೆ ಸಂಬಳದ, ಉದ್ಯೋಗ ಭದ್ರತೆಯಿಲ್ಲದ ಆಪರೇಟರನೇ ಮೊದಲು ಕೆಲಸ ಕಳೆದುಕೊಳ್ಳುವ ಸಂಭವ ಹೆಚ್ಚು. ಪ್ರತ್ಯೇಕ ಖಾತೆಯು ಸಂಸ್ಥೆಯನ್ನು ರಕ್ಷಿಸುವಂತೆಯೇ ನಿರಪರಾಧಿಯಾದ ದುಡಿಮೆಗಾರನನ್ನೂ ರಕ್ಷಿಸುತ್ತದೆ.

ಎರಡು, ಕೆಲಸಕ್ಕೆ ಎಷ್ಟು ಅಗತ್ಯವೋ ಅಷ್ಟೇ ಅಧಿಕಾರವನ್ನು ನೀಡಬೇಕು. ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ಪ್ರತಿಪಾದಿಸಿದ ಈ ತತ್ತ್ವವು ಇಂದಿಗೂ ಗಣಕ ಸುರಕ್ಷತೆಯ ಅಡಿಗಲ್ಲಾಗಿದೆ. ದೂರದಿಂದ ದುರಸ್ತಿ ಮಾಡುವ ತಂತ್ರಜ್ಞರಿಗೆ ದುರಸ್ತಿಯ ಅವಧಿಗೆ ಮಾತ್ರ ಪ್ರವೇಶ ತೆರೆದು ಅನಂತರ ಮುಚ್ಚುವುದು ಇದರದೇ ಅನ್ವಯ.

ಮೂರು, ಖಾತೆ ತೆರೆಯುವ ದಿನವೇ ಅದರ ಮುಕ್ತಾಯದ ದಿನಾಂಕವನ್ನೂ ನಮೂದಿಸಬೇಕು. ಅವಧಿ ಮುಗಿದೊಡನೆ ಖಾತೆ ತಾನಾಗಿಯೇ ನಿಲ್ಲಬೇಕು. ಮುಂದುವರಿಸಲು ಹೊಸ ಆದೇಶ ಬೇಕು. ನಡುವೆ ಸಿಬ್ಬಂದಿ ಬದಲಾದರೆ ಅದೇ ದಿನ ತಿಳಿಸುವ ಷರತ್ತು ಏಜೆನ್ಸಿಯ ಒಪ್ಪಂದದಲ್ಲಿಯೇ ಇರಬೇಕು.

ನಾಲ್ಕು, ಹೊರಗಿನವರ ಪ್ರತಿಯೊಂದು ಖಾತೆಗೂ ಸಂಸ್ಥೆಯ ಒಬ್ಬ ಅಧಿಕಾರಿ ಹೊಣೆಯಾಗಿರಬೇಕು. ಆತನು ಮೂರು ತಿಂಗಳಿಗೊಮ್ಮೆ ಖಾತೆಗಳ ಪಟ್ಟಿಯನ್ನು ಪರಿಶೀಲಿಸಿ ಸಹಿ ಮಾಡಬೇಕು. ಆತನಿಗೆ ವರ್ಗಾವಣೆಯಾದಾಗ ಈ ಪಟ್ಟಿಯೂ ಪ್ರಭಾರ ಹಸ್ತಾಂತರದ ಭಾಗವಾಗಬೇಕು.

ಕಾನೂನಿನ ನೆಲೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮು ಅನುಮತಿಯಿಲ್ಲದ ಪ್ರವೇಶಕ್ಕೆ ಪರಿಹಾರದ ಹೊಣೆಯನ್ನು ವಿಧಿಸುತ್ತದೆ. ಆದರೆ ಅನುಮತಿಯನ್ನು ಹಿಂಪಡೆದ ದಾಖಲೆಯೇ ಇಲ್ಲದಿದ್ದರೆ ಪ್ರವೇಶವು ಅನುಮತಿಯಿಲ್ಲದ್ದೆಂದು ಸಾಧಿಸುವುದು ಕಷ್ಟ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಗಣಕ ವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕು. ವರ್ಷಾವಧಿಯ ಗುತ್ತಿಗೆಗಳ ವಿಷಯದಲ್ಲಿ ಸಂಸ್ಥೆಗಳು ಇದಕ್ಕಿಂತ ಹೆಚ್ಚು ಕಾಲ ಇರಿಸಿಕೊಳ್ಳುವುದು ಲೇಸು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 8ನೆಯ ಕಲಮಿನಂತೆ, ಜನರ ದತ್ತಾಂಶವನ್ನು ಹೊಂದಿರುವ ಸಂಸ್ಥೆಯು ತನ್ನ ಪರವಾಗಿ ಹೊರಗಿನವರು ಮಾಡುವ ಕೆಲಸಕ್ಕೂ ತಾನೇ ಹೊಣೆಯಾಗುತ್ತದೆ. ಏಜೆನ್ಸಿಯತ್ತ ಬೆರಳು ತೋರಿಸಿ ಪಾರಾಗುವ ಅವಕಾಶವನ್ನು ಕಾಯ್ದೆಯು ಇಟ್ಟಿಲ್ಲ.

ಉಪಸಂಹಾರ

ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ತಮ್ಮ ಸೂಚಿಗಳನ್ನು, ಹಸ್ತಪ್ರತಿಗಳ ಗಣಕ ಪ್ರತಿಗಳನ್ನು ಹೊರಗಿನವರ ನೆರವಿನಿಂದ ಸಿದ್ಧಪಡಿಸುವುದುಂಟು. ಅಂಕಿತನಾಮವೊಂದು ಅಥವಾ ಕಾಲದ ನಮೂದೊಂದು ಯಾರಿಗೂ ತಿಳಿಯದಂತೆ ಬದಲಾದರೆ, ಅದನ್ನು ನಂಬಿದ ಸಂಶೋಧನೆಯೂ ದಾರಿ ತಪ್ಪುತ್ತದೆ. ಇದಕ್ಕೆ ಪರಿಹಾರವಾದ ಪದ್ಧತಿಯ ಒಂದು ರೂಪ ಗ್ರಂಥಾಲಯಗಳಲ್ಲಿ ಹಿಂದಿನಿಂದಲೂ ಇದೆ. ಪುಸ್ತಕಗಳನ್ನು ಹಿಂದಿರುಗಿಸದ ವಿದ್ಯಾರ್ಥಿಗೆ ಬೇಬಾಕಿ ಪ್ರಮಾಣಪತ್ರ ದೊರೆಯುವುದಿಲ್ಲ. ಅದೇ ರೀತಿಯಲ್ಲಿ, ತನ್ನ ಸಿಬ್ಬಂದಿಯ ಖಾತೆಗಳೆಲ್ಲವೂ ಮುಚ್ಚಿವೆ, ಕೀಲಿಕೈ ಮತ್ತು ಉಪಕರಣಗಳು ಹಿಂದಿರುಗಿವೆ ಎಂಬ ಪ್ರಮಾಣಪತ್ರವಿಲ್ಲದೆ ಏಜೆನ್ಸಿಯ ಕೊನೆಯ ಬಿಲ್ಲನ್ನು ಪಾವತಿ ಮಾಡಬಾರದು. ಈ ಒಂದು ನಿಯಮಕ್ಕೆ ಹೊಸ ತಂತ್ರಾಂಶದ ಅಗತ್ಯವಿಲ್ಲ. ಲೆಕ್ಕಪತ್ರ ಶಾಖೆಗೆ ಹೊರಡಿಸುವ ಒಂದು ಸುತ್ತೋಲೆ ಸಾಕು.