ತಿರುಗುವ ಚಕ್ರದ ಮರ್ಮ: ಮನೆಯ ಕಂಪ್ಯೂಟರಿನಲ್ಲಿ ಚಿತ್ರ ನಿಂತುಹೋದಾಗ

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟುವೆಂದರೆ, ಪತ್ತನಾಜೆಯವರೆಗೂ ಮುಂಬಯಿಯ ನಮ್ಮವರ ಮನೆಗಳಲ್ಲಿ ರಾತ್ರಿಯ ದೀಪ ಬೇಗನೆ ಆರುವುದಿಲ್ಲ. ಹೋಟೆಲಿನ ಬಾಗಿಲೆಳೆದು ಗಲ್ಲಾದ ಲೆಕ್ಕ ಒಪ್ಪಿಸಿ ಕೋಣೆಗೆ ಮರಳಿದವರೂ, ಕಚೇರಿ ಮುಗಿಸಿ ಡೊಂಬಿವಲಿಯ ಲೋಕಲಿನಲ್ಲಿ ಜೋತಾಡಿಕೊಂಡು ಬಂದು ಊಟ ಮುಗಿಸಿದ ಗುಮಾಸ್ತರೂ, ಊರಿನ ಯಾವುದೋ ಗದ್ದೆಯಲ್ಲಿ ನಡೆಯುತ್ತಿರುವ ಬಯಲಾಟವನ್ನು ಕಂಪ್ಯೂಟರಿನ ಪರದೆಯ ಮೇಲೆ ಅದೇ ಗಳಿಗೆಯಲ್ಲಿ ನೋಡಲು ಕುಳಿತುಕೊಳ್ಳುತ್ತಾರೆ. ರಜೆ ಸಿಗದೆ ವರ್ಷಗಟ್ಟಲೆ ಊರಿನ ಆಟ ಕಾಣದವರಿಗೆ ಇದೇನು ಸಣ್ಣ ಭಾಗ್ಯವಲ್ಲ. ಆದರೆ ಚೆಂಡೆಯ ಪೆಟ್ಟು ಏರಿ ವೇಷವು ರಂಗಸ್ಥಳಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪರದೆಯ ನಡುವೆ ಚಕ್ರವೊಂದು ತಿರುಗತೊಡಗುತ್ತದೆ. ಆಮೇಲೆ ಉಳಿಯುವುದು ಆ ಚಕ್ರದ ಕುಣಿತ ಮಾತ್ರ!

ಇದಕ್ಕೆ ಬೇಸತ್ತು ಹೊಸ ಕಂಪ್ಯೂಟರಿಗೆ ಕಂತು ಕಟ್ಟುವವರಿದ್ದಾರೆ; ಹೆಚ್ಚಿನ ವೇಗದ ಸಂಪರ್ಕಕ್ಕೆ ತಿಂಗಳು ತಿಂಗಳೂ ಹಣ ತೆರುವವರಿದ್ದಾರೆ; ಮೋಸಗಾರರ ಕೈಗೆ ಸಿಕ್ಕಿ ಉಳಿತಾಯದ ಹಣವನ್ನೇ ಕಳೆದುಕೊಳ್ಳುವವರೂ ಇದ್ದಾರೆ. ರೋಗ ಯಾವುದೆಂದು ತಿಳಿಯದೆ ಔಷಧಿಗೆ ಹಣ ಸುರಿಯುವುದು ತರವಲ್ಲವಾದ್ದರಿಂದ, ಈ ವಿಷಯವನ್ನು ವಾಚಕರ ಮುಂದೆ ತುಸು ವಿವರವಾಗಿಯೇ ಇಡಲು ಬಯಸುತ್ತೇವೆ.

ನಮ್ಮ ಚಾಳುಗಳಲ್ಲಿ ಮುನಿಸಿಪಾಲಿಟಿಯ ನೀರು ಬರುವ ಕ್ರಮವನ್ನು ನೆನೆಯಿರಿ. ನಲ್ಲಿಯ ನೀರನ್ನು ನಾವು ಮೊದಲು ಡ್ರಮ್ಮಿಗೆ ತುಂಬಿಸಿ, ಅಲ್ಲಿಂದ ತೋಡಿ ಬಳಸುತ್ತೇವೆ. ನಲ್ಲಿಯ ಧಾರೆ ಕೊಂಚ ಸಣ್ಣದಾದರೂ ಡ್ರಮ್ಮಿನಲ್ಲಿ ನೀರಿರುವಷ್ಟು ಹೊತ್ತು ಕೆಲಸ ನಿಲ್ಲುವುದಿಲ್ಲ. ಕಂಪ್ಯೂಟರು ಮಾಡುವುದೂ ಅದನ್ನೇ. ಬರುತ್ತಿರುವ ಚಿತ್ರದ ಕೆಲವು ಕ್ಷಣಗಳನ್ನು ಮುಂದಾಗಿಯೇ ತುಂಬಿಸಿಟ್ಟುಕೊಂಡು, ಅದರಿಂದ ತೋಡಿ ನಮಗೆ ತೋರಿಸುತ್ತದೆ. ಈ ಸಂಗ್ರಹಕ್ಕೆ ಬಫರ್ ಎಂದು ಹೆಸರು. ಡ್ರಮ್ಮು ಬರಿದಾದಾಗ ಕಾಣಿಸುವುದೇ ಆ ಚಕ್ರ. ಹಳೆಯ ಸಿನಿಮಾವನ್ನಾದರೆ ಬಹಳಷ್ಟು ಮುಂದಾಗಿ ತುಂಬಿಸಿಕೊಳ್ಳಬಹುದು. ನೇರ ಪ್ರಸಾರದಲ್ಲಿ ಮುಂದಿನ ದೃಶ್ಯ ಇನ್ನೂ ನಡೆದೇ ಇಲ್ಲವಷ್ಟೆ, ತುಂಬಿಸುವುದೇನನ್ನು? ಆದ್ದರಿಂದ ಸಿನಿಮಾ ಸರಾಗವಾಗಿ ಓಡುವ ಮನೆಯಲ್ಲಿಯೂ ಬಯಲಾಟ ತಡವರಿಸುವುದುಂಟು. ಇದಕ್ಕೊಂದು ಸುಲಭೋಪಾಯವಿದೆ. ಯೂಟ್ಯೂಬಿನ ನೇರ ಪ್ರಸಾರವನ್ನು ಒಂದು ನಿಮಿಷ ನಿಲ್ಲಿಸಿ, ಬಳಿಕ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರೆ ಅಷ್ಟು ಸಂಗ್ರಹ ಕೈಯಲ್ಲಿ ಉಳಿಯುತ್ತದೆ. ಊರಿನವರಿಗಿಂತ ಒಂದು ನಿಮಿಷ ತಡವಾಗಿ ನೋಡಿದರೆ ನಷ್ಟವೇನಿಲ್ಲ.

ಇನ್ನು ದೋಷ ಇರುವುದೆಲ್ಲಿ? ಕಳುಹಿಸುವಲ್ಲಿರಬಹುದು, ದಾರಿಯಲ್ಲಿರಬಹುದು, ಇಲ್ಲವೇ ನಮ್ಮ ಯಂತ್ರದಲ್ಲಿಯೇ ಇರಬಹುದು. ಆಟದ ಪ್ರಸಾರ ನಿಂತಾಗ ಬೇರೊಂದು ಚಿತ್ರವನ್ನು ಹಾಕಿ ನೋಡಬೇಕು. ಅದು ನಿರಾತಂಕವಾಗಿ ಓಡಿದರೆ ದೋಷ ಬಹುಮಟ್ಟಿಗೆ ಗದ್ದೆಯಲ್ಲಿದೆ. ಅಲ್ಲಿ ಕ್ಯಾಮರಾ ಹಿಡಿದವರು ಹಲವು ವೇಳೆ ಮೊಬೈಲ್ ಸಂಪರ್ಕದಿಂದಲೇ ಚಿತ್ರವನ್ನು ಮೇಲಕ್ಕೆ ಕಳುಹಿಸುತ್ತಿರುತ್ತಾರೆ. ಗುಡ್ಡದ ಮರೆಯ ಊರಿನಲ್ಲಿ ಸಂಕೇತ ಸೋತರೆ ಘಾಟಕೋಪರದಲ್ಲಿ ಕುಳಿತ ನಾವು ಮಾಡಬಹುದಾದುದು ಏನೂ ಇಲ್ಲ. ಎಲ್ಲ ಚಿತ್ರಗಳೂ ನಿಲ್ಲುತ್ತಿದ್ದರೆ, ಅದೇ ವೈಫೈಗೆ ಜೋಡಿಸಿದ ಫೋನಿನಲ್ಲಿ ನೋಡಬೇಕು. ಅಲ್ಲಿಯೂ ನಿಂತರೆ ದಾರಿಯ ದೋಷ. ಅಲ್ಲಿ ಓಡಿದರೆ ಕಂಪ್ಯೂಟರಿನ ದೋಷ. ಇನ್ನೊಂದು ಲಕ್ಷಣವೂ ಉಂಟು. ಧ್ವನಿಯೂ ಚಿತ್ರವೂ ಒಟ್ಟಿಗೆ ನಿಂತು ಚಕ್ರ ತಿರುಗಿದರೆ ಅದು ದಾರಿಯ ತೊಂದರೆ. ಭಾಗವತರ ಹಾಡು ನಿಲ್ಲದೆ ಕೇಳುತ್ತಿದ್ದು ಚಿತ್ರ ಮಾತ್ರ ಕುಂಟುತ್ತಿದ್ದರೆ, ಯಂತ್ರ ದಣಿದಿದೆಯೆಂದು ತಿಳಿಯಬೇಕು. ಧ್ವನಿಯನ್ನು ಬಿಡಿಸುವುದು ಹಗುರ ಕೆಲಸ, ಚಿತ್ರವನ್ನು ಬಿಡಿಸುವುದು ಭಾರದ ಕೆಲಸ.

ದಾರಿಯ ವಿಚಾರದಲ್ಲಿ ಅಂಕಿಗಳನ್ನು ಕೊಂಚ ನೋಡೋಣ. ಲೆಕ್ಕದಲ್ಲಿ ಪಳಗಿದ ನಮ್ಮ ಗುಮಾಸ್ತ ಬಂಧುಗಳಿಗೆ ಇದು ರುಚಿಸೀತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದಾಗ ಟೆಲಿಫೋನ್ ತಂತಿಯ ಮೂಲಕ ದೊರೆಯುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. 2004ರ ಸರಕಾರಿ ನೀತಿಯು 256 ಕಿಲೋಬಿಟ್ಟನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2023ರಲ್ಲಿ ಆ ಮಿತಿಯನ್ನು 2 ಮೆಗಾಬಿಟ್ಟಿಗೆ ಏರಿಸಲಾಯಿತು. ಯೂಟ್ಯೂಬ್ ಹೇಳುವ ಪ್ರಕಾರ 480 ಗೆರೆಯ ಚಿತ್ರಕ್ಕೆ 1.1 ಮೆಗಾಬಿಟ್, 720ಕ್ಕೆ 2.5, 1080ಕ್ಕೆ 5 ಮೆಗಾಬಿಟ್ ಬೇಕು. ಅಂದರೆ ಸರಕಾರದ ಕಾಗದದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಂಡದ್ದು 720 ಗೆರೆಯ ಚಿತ್ರಕ್ಕೂ ಸಾಲದು! ಕಾಗದಕ್ಕೂ ಕಣ್ಣಿಗೂ ಇರುವ ಅಂತರ ಇಷ್ಟು.

ಫೋನಿನ ಹಾಟ್‌ಸ್ಪಾಟಿನಿಂದ ಕಂಪ್ಯೂಟರು ನಡೆಸುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 1080 ಗೆರೆಯಲ್ಲಿ ನೋಡಿದರೆ ಗಂಟೆಗೆ ಸುಮಾರು ಎರಡೂಕಾಲು ಜಿಬಿ ಖರ್ಚಾಗುತ್ತದೆ. 480ರಲ್ಲಿ ಅರ್ಧ ಜಿಬಿಯಷ್ಟು. ದಿನಕ್ಕೆ 2 ಜಿಬಿಯ ಯೋಜನೆಯವರು ದೊಡ್ಡ ಚಿತ್ರದ ಆಸೆಗೆ ಬಿದ್ದರೆ, ಒಂದು ಗಂಟೆ ತುಂಬುವ ಮೊದಲೇ ಪಾಲು ತೀರಿ, ಮಹಿಷಾಸುರನ ಪ್ರವೇಶಕ್ಕೆ ಬಹಳ ಮುಂಚೆಯೇ ಪರದೆ ಸ್ತಬ್ಧವಾಗುತ್ತದೆ. 480ಕ್ಕೆ ಇಳಿಸಿಕೊಂಡರೆ ನಾಲ್ಕು ಗಂಟೆ ನೋಡಬಹುದು. ಚಿತ್ರದ ಮೂಲೆಯ ಹಲ್ಲಿನ ಚಕ್ರದ ಗುರುತನ್ನು ಒತ್ತಿದರೆ ಗುಣಮಟ್ಟ ಬದಲಿಸುವ ಪಟ್ಟಿ ಸಿಗುತ್ತದೆ. ಮನೆಯ ಕೇಬಲ್ ಸಂಪರ್ಕಗಳಲ್ಲಿಯೂ ತಿಂಗಳ ಮಿತಿ ದಾಟಿದೊಡನೆ ವೇಗ ತಗ್ಗಿಸುವ ಕ್ರಮವಿದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ತೊಂದರೆಯಾದರೆ ಮೊದಲು ಬಿಲ್ಲನ್ನು ಓದಬೇಕು.

ನಮ್ಮ ಅನುಭವದಲ್ಲಿ ಮುಂಬಯಿಯ ಬಹುಪಾಲು ತೊಂದರೆಗೆ ಮೂಲ ಹೊರಗಿನ ತಂತಿಯಲ್ಲ, ಮನೆಯೊಳಗಿನ ವೈಫೈ. ವೈಫೈ ನಡೆಯುವ ದಾರಿಗಳು ಮುಖ್ಯವಾಗಿ ಎರಡು, 2.4 ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು ಮೂರೇ: 1, 6 ಮತ್ತು 11. ಒಂದೇ ಕಟ್ಟಡದಲ್ಲಿ ನಲವತ್ತು ಸಂಸಾರಗಳ ನಲವತ್ತು ಪೆಟ್ಟಿಗೆಗಳು ಆ ಮೂರರಲ್ಲಿಯೇ ಕೂಗಾಡಿದರೆ ಯಾರ ಮಾತು ಯಾರಿಗೆ ಕೇಳಬೇಕು? ಬೆಳಗ್ಗೆ ಒಂಬತ್ತರ ಅಂಧೇರಿ ನಿಲ್ದಾಣದ ಪಾಡೇ ಅದು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಇದೇ 2.4ರಲ್ಲಿ ಕೆಲಸ ಮಾಡುವುದರಿಂದ, ಹೋಟೆಲಿನ ಮೇಲಿನ ಕೋಣೆಯಲ್ಲಿರುವವರಿಗೆ ಒಲೆ ಹಚ್ಚಿದಾಗಲೆಲ್ಲ ಚಿತ್ರ ತಡವರಿಸುವುದುಂಟು. 5ರ ದಾರಿ ಹತ್ತಿರದಲ್ಲಿ ವೇಗವುಳ್ಳದ್ದು, ಗೋಡೆಗೆ ಬೇಗ ಸೋಲುವಂಥದು; ಒಂದೇ ಕೋಣೆಯ ಬಿಡಾರಕ್ಕೆ ಅದೇ ಯೋಗ್ಯ. ಪೆಟ್ಟಿಗೆಯನ್ನು ಉಕ್ಕಿನ ಕಪಾಟಿನ ಹಿಂದೆ, ಫ್ರಿಜ್ಜಿನ ಪಕ್ಕದಲ್ಲಿ ಅಡಗಿಸದೆ ಎತ್ತರದ ಬಯಲು ಜಾಗದಲ್ಲಿ ಇಡಬೇಕು. ಎಲ್ಲಕ್ಕಿಂತ ಉತ್ತಮ ಉಪಾಯವೆಂದರೆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ಒಂದು ತಂತಿ ಎಳೆಯುವುದು. ನೋಟಕ್ಕೆ ಚೆನ್ನಾಗಿರದಿದ್ದರೂ ಆ ತಂತಿಯಷ್ಟು ನಂಬಿಕೆಯ ಸೇವಕ ಬೇರೊಬ್ಬನಿಲ್ಲ.

ಕಂಪ್ಯೂಟರಿನದೇ ದೋಷವಾಗಿದ್ದರೆ ಮೊದಲು ಅದನ್ನು ಆರಿಸಿ ಮತ್ತೆ ಹಚ್ಚಬೇಕು. ತೆರೆದಿಟ್ಟ ಬೇರೆ ಪುಟಗಳನ್ನೆಲ್ಲ ಮುಚ್ಚಬೇಕು. ಬ್ರೌಸರಿನ ವ್ಯವಸ್ಥೆಗಳಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಎಂಬುದೊಂದಿದೆ. ಚಿತ್ರ ಬಿಡಿಸುವ ಭಾರವನ್ನು ಅದಕ್ಕೆಂದೇ ಇರುವ ಭಾಗಕ್ಕೆ ವಹಿಸುವ ಗುಂಡಿಯದು. ಸಾಮಾನ್ಯವಾಗಿ ಹಚ್ಚಿಯೇ ಇರಬೇಕು. ಪರದೆ ಕಪ್ಪಾಗಿ ಧ್ವನಿ ಮಾತ್ರ ಬರುತ್ತಿದ್ದರೆ ಒಮ್ಮೆ ಆರಿಸಿ ಪರೀಕ್ಷಿಸಬೇಕು. ಒಳಗಿನ ಪಂಖದಲ್ಲಿ ಧೂಳು ಕಟ್ಟಿದರೂ ಯಂತ್ರ ಕಾದು ನಿಧಾನವಾಗುತ್ತದೆ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಯಂತ್ರ ಕೊಂಡವರು ಎರಡು ಸಂಗತಿ ತಿಳಿದಿರಬೇಕು. ಕೆಲವು ಯಂತ್ರಗಳಲ್ಲಿ ಚಿತ್ರದ ಪುಟವೇ ತೆರೆಯದೆ, ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ. ಪರದೆಯ ಮೂಲೆಯ ತಾರೀಖನ್ನು ನೋಡಿರಿ. ವರ್ಷಗಳಷ್ಟು ಹಿಂದಿನ ತಾರೀಖು ಕಂಡರೆ ಒಳಗಿನ ಗಡಿಯಾರದ ಬಿಲ್ಲೆಯಾಕಾರದ ಬ್ಯಾಟರಿ ಸತ್ತಿದೆ. ಅದರ ಗುರುತು ಸಿಆರ್ 2032. ಒಂದು ಊಟದ ಬೆಲೆಗಿಂತ ಹೆಚ್ಚಿಲ್ಲ. ಇದಕ್ಕಾಗಿ ಯಂತ್ರವನ್ನೇ ಬದಲಿಸಿರೆನ್ನುವ ಅಂಗಡಿಯವನಿಗೆ ದೂರದಿಂದಲೇ ನಮಸ್ಕಾರ ಹೇಳಬೇಕು. ಎರಡನೆಯದು, ವಿಂಡೋಸ್ 7ಕ್ಕೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರ ಫೆಬ್ರವರಿಯಿಂದ ಬರುತ್ತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯುವುದು ಲೇಸು.

ಈಗ ಮೋಸದ ವಿಷಯ. ಚಿತ್ರ ನೋಡಲು ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿರೆಂದು ಯಾವುದಾದರೂ ಪುಟ ಕೇಳಿದರೆ ಅದು ಬಲೆಯೆಂದೇ ತಿಳಿಯಬೇಕು. ಅಡೋಬಿ ಸಂಸ್ಥೆಯು ಅದನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿಬಿಟ್ಟಿದೆ. ಇದಕ್ಕಿಂತ ಘೋರವಾದದ್ದು ಸುಳ್ಳು ಸಹಾಯವಾಣಿ. ಚಿತ್ರ ನಿಂತಿತೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಫೋನು ಮಾಡಿದರೆ, ಆ ಕಡೆಯವನು ಬಲು ವಿನಯದಿಂದ ಮಾತನಾಡಿ, ದೂರದಿಂದಲೇ ರಿಪೇರಿ ಮಾಡುತ್ತೇನೆಂದು ಒಂದು ಆ್ಯಪ್ ಹಾಕಿಸುತ್ತಾನೆ. ಅಲ್ಲಿಗೆ ಯಂತ್ರದ ಲಗಾಮು ಅವನ ಕೈಗೆ ಹೋಯಿತು. ಬ್ಯಾಂಕಿನ ಗುಪ್ತಸಂಖ್ಯೆ ಅವನ ಕಣ್ಣಿಗೆ ಬಿತ್ತು. 2019ರ ಫೆಬ್ರವರಿಯಲ್ಲಿಯೇ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಎಂಬ ಆ್ಯಪ್ಪಿನ ಇಂಥ ದುರುಪಯೋಗದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಊರಿಗೆ ಕಳುಹಿಸಲೆಂದು ಕೂಡಿಟ್ಟ ಹಣ ಹತ್ತು ನಿಮಿಷದಲ್ಲಿ ಮಾಯವಾಗುವ ದಾರಿ ಇದು. ಸಹಾಯದ ನಂಬರನ್ನು ಬಿಲ್ಲಿನ ಮೇಲಿನಿಂದಲೇ ತೆಗೆದುಕೊಳ್ಳಬೇಕು. ಅಕಸ್ಮಾತ್ ಹಣ ಹೋದರೆ ನಾಚಿಕೊಂಡು ಬಚ್ಚಿಡದೆ, ಆ ಕ್ಷಣವೇ 1930ಕ್ಕೆ ಫೋನು ಮಾಡಿ ತಿಳಿಸಬೇಕು, ಬ್ಯಾಂಕಿಗೂ ಹೇಳಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಕೇಬಲಿನವನಿಗೆ ದೂರು ಕೊಡುವಾಗಲೂ ಬರಿಯ ಬಾಯಿಮಾತು ಸಾಲದು. ಕಂಪ್ಯೂಟರಿಗೆ ತಂತಿ ಜೋಡಿಸಿ, ಬೆಳಗ್ಗೆ, ಸಂಜೆ, ರಾತ್ರಿ ಹತ್ತರ ಸುಮಾರಿಗೆ ಹೀಗೆ ಮೂರು ದಿನ ವೇಗವನ್ನು ಅಳೆದು ಬರೆದಿಡಿರಿ. ಅಳತೆ ಮೆಗಾಬಿಟ್ಟಿನದೋ ಮೆಗಾಬೈಟಿನದೋ ನೋಡಿಕೊಳ್ಳಿರಿ. ಎಂಟು ಬಿಟ್ಟಿಗೆ ಒಂದು ಬೈಟು, ಆದುದರಿಂದ 40 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟು ಬಂದರೆ ಅದು ನ್ಯಾಯವಾದ ತೂಕವೇ. ಕಡಿಮೆ ಕಂಡರೆ ಆ ಚೀಟಿಯನ್ನು ಮುಂದಿಟ್ಟು, ದೂರಿನ ನಂಬರನ್ನು ಕೇಳಿ ಪಡೆಯಿರಿ. ಮಳೆಗಾಲದಲ್ಲಾದರೆ ತಾರಸಿಯ ಮೇಲಿನ ತಂತಿಯ ಜೋಡಣೆಯೊಳಗೆ ನೀರು ಹೊಕ್ಕಿದೆಯೇ ಎಂದು ಅವನಿಂದಲೇ ಹತ್ತಿ ನೋಡಿಸಿರಿ.