ದುಡ್ಡು ಬೇಡ, ಸಹಿ ಸಾಕು!

ಮುಂಬೈಯಲ್ಲಿ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ನಮ್ಮಂಥವರಿಗೆ ಎರಡು ಬಗೆಯ ಫೋನು ಬರತೊಡಗುತ್ತವೆ. ಒಂದು ಕ್ರೆಡಿಟ್ ಕಾರ್ಡ್ ಮಾರುವವರದು, ಅರ್ಧಕ್ಕೇ ಇಟ್ಟುಬಿಡಬಹುದು. ಇನ್ನೊಂದು ಊರಿನದು, ಇಡಲಾಗದ್ದು. ದೊಡ್ಡಪ್ಪನ ಮಗನೋ ಶಾಲೆಯ ಗೆಳೆಯನೋ ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿ ಕೊನೆಗೆ ಹೇಳುತ್ತಾನೆ: ‘ದುಡ್ಡೇನೂ ಬೇಡ ಮಾರಾಯ, ಬ್ಯಾಂಕಿನವರು ಜಾಮೀನು ಕೇಳ್ತಿದ್ದಾರೆ. ನಿನ್ನದೊಂದು ಸಹಿ, ಮೂರು ತಿಂಗಳ ಪೇ ಸ್ಲಿಪ್ ಸಾಕು.’

ಜಾಮೀನು ಎಂದರೆ ಗುಣನಡತೆಯ ಸರ್ಟಿಫಿಕೇಟ್ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಕಾನೂನಿನ ಕಣ್ಣಿಗೆ ಅದು ಸಾಲಕ್ಕೆ ಸಮ. ಹಣ ಮಾತ್ರ ನಮ್ಮ ಕೈಗೆ ಬಂದಿರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 128ರ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ‘ಮೊದಲು ಅವನ ತೋಟ ಹರಾಜು ಹಾಕಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎನ್ನುವ ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಸಾಲಗಾರ ತೀರಿಕೊಂಡರೂ ಜಾಮೀನು ತೀರುವುದಿಲ್ಲ.

ಕೋರ್ಟು ಡಿಕ್ರಿ ಕೊಟ್ಟರೆ ಸಂಬಳಕ್ಕೂ ಕೈ ಬೀಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60ರಂತೆ ಸಂಬಳದ ಮೊದಲ 1,000 ರೂಪಾಯಿ ಬಿಟ್ಟು, ಉಳಿದುದರ ಮೂರನೇ ಒಂದು ಭಾಗದವರೆಗೆ ಜಪ್ತಿ ಮಾಡಬಹುದು. ಮುಂಬೈಯ ಗಲ್ಲಿಗಲ್ಲಿಯಲ್ಲಿರುವ ಪತಪೇಢಿಗಳ, ಅಂದರೆ ಸಹಕಾರಿ ಪತ್ತಿನ ಸಂಘಗಳ, ದಾರಿ ಇನ್ನೂ ಹತ್ತಿರದ್ದು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 101ರಡಿ ರಿಜಿಸ್ಟ್ರಾರ್ ವಸೂಲಿ ಪ್ರಮಾಣಪತ್ರ ಕೊಟ್ಟರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ದೀರ್ಘ ಸಿವಿಲ್ ದಾವೆಯ ಗೋಜಿಲ್ಲ.

ಸಾಲಗಾರ ಕಂತು ತಪ್ಪಿಸದಿದ್ದರೂ ಜಾಮೀನಿಗೆ ಬೆಲೆಯಿದೆ. ನಾವು ನಿಂತ ಸಾಲ ನಮ್ಮ ಕ್ರೆಡಿಟ್ ವರದಿಯಲ್ಲೂ ಕಾಣಿಸುತ್ತದೆ. ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು. 10 ಲಕ್ಷ ರೂಪಾಯಿ, ಶೇ 12ರ ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು ಸುಮಾರು 22,250 ರೂಪಾಯಿ. ಅಷ್ಟೇ ಕಂತಿಗೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸುಮಾರು 25 ಲಕ್ಷ ರೂಪಾಯಿ ಗೃಹಸಾಲ ಸಿಗುತ್ತದೆ. ಅಂದರೆ ಊರಿನ ಆ ಒಂದು ಸಹಿಯಿಂದ, ಥಾಣೆಯಲ್ಲಿ ಮನೆ ನೋಡುತ್ತಿದ್ದವರು ಬದಲಾಪುರದ ಲೋಕಲ್ ಹತ್ತಬೇಕಾಗಬಹುದು.

ನಮ್ಮವರ ಹೋಟೆಲ್ ವ್ಯವಹಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಹನ ಸಾಲಕ್ಕೆ ನಿಂತರೆ ಕೊನೆಯ ಕಂತಿನೊಂದಿಗೆ ಹೊಣೆ ಮುಗಿಯುತ್ತದೆ. ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್‌ಗಳಿಗೆ ಕೊಡುವುದು ಸಾಮಾನ್ಯವಾಗಿ ‘ನಿರಂತರ ಜಾಮೀನು’. ಇಂದು ತೀರಿದ ಖಾತೆ ನಾಳೆ ಮತ್ತೆ ಬಾಕಿಯಾದರೆ ಅದಕ್ಕೂ ನೀವೇ ಹೊಣೆ. ಲಿಖಿತ ನೋಟಿಸ್ ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಇದನ್ನು ಹಿಂಪಡೆಯಲು ಸೆಕ್ಷನ್ 130 ಅವಕಾಶ ಕೊಡುತ್ತದೆ. ಹಳೆಯ ಬಾಕಿಯಿಂದ ಬಿಡುಗಡೆ ಇಲ್ಲ.

ಹಾಗಾದರೆ ಜಾಮೀನು ಎಂಬುದೇ ಕೆಟ್ಟದ್ದೇ? ಹಾಗೆ ಹೇಳಿದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದಂತೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1906ರಲ್ಲಿ ಇದೇ ಮುಂಬೈಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರುವಿನ ಹೆಸರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಸಂಸ್ಥೆ ಆರಂಭಿಸಿದರು. ಅಡವಿಡಲು ಏನೂ ಇಲ್ಲದವನಿಗೆ ಬಲ್ಲವರ ಮಾತೇ ಅಡವು ಎಂಬ ತತ್ವದ ಮೇಲೆ ಸಹಕಾರಿ ಸಾಲ ಬೆಳೆಯಿತು. ಆದರೆ ಅಂದು ಜಾಮೀನು ನಿಂತವನು ಅದೇ ಕೇರಿಯಲ್ಲೋ ಅದೇ ಚಾಳಿನಲ್ಲೋ ಇರುತ್ತಿದ್ದ. ಸಾಲದ ಹಣದಲ್ಲಿ ಎತ್ತು ಬಂತೋ, ಮದುವೆ ಊಟ ನಡೆಯಿತೋ ಕಣ್ಣಾರೆ ನೋಡುತ್ತಿದ್ದ. ನಾವು ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿದ್ದೇವೆ. ಬ್ಯಾಂಕಿಗೆ ನಮ್ಮಿಂದ ಬೇಕಾದದ್ದು ಪೇ ಸ್ಲಿಪ್ಪು. ಸಾಲಗಾರನ ಬಗ್ಗೆ ನಮಗೇನು ಗೊತ್ತು ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ನನ್ನ ಲೆಕ್ಕ ಇಷ್ಟು. ಅವನು ಒಂದು ಕಂತನ್ನೂ ಕಟ್ಟದಿದ್ದರೆ ಇಡೀ ಸಾಲ ನಾನು ತೀರಿಸಬಲ್ಲೆನೇ? ತೀರಿಸಿದ ಮೇಲೂ ಅವನ ಮನೆಗೆ ಊಟಕ್ಕೆ ಹೋಗಬಲ್ಲೆನೇ? ಎರಡಕ್ಕೂ ಹೌದಾದರೆ ಮಾತ್ರ ಸಹಿ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಸೆಕ್ಷನ್ 140 ಮತ್ತು 145ರಲ್ಲಿದೆ, ನಿಜ. ಆದರೆ ದಾಯಾದಿಯ ಮೇಲೆ ಕೇಸು ಹಾಕಿ, ಮುಂದಿನ ನಾಗರ ಪಂಚಮಿಗೆ ಅದೇ ಮನೆಯ ಬನಕ್ಕೆ ಹಾಲೆರೆಯಲು ಹೋಗುವವರು ಯಾರು?

ಸಹಿ ಹಾಕುವುದೇ ಆದರೆ ಖಾಲಿ ಜಾಗಗಳನ್ನು ತುಂಬಿಸಿ, ನಮ್ಮ ಹೊಣೆಯ ಮೊತ್ತಕ್ಕೆ ಮಿತಿ ಬರೆಸಲು ಸಾಧ್ಯವೇ ಕೇಳಿ, ಪತ್ರದ ಪ್ರತಿ ಇಟ್ಟುಕೊಳ್ಳಬೇಕು. ಸಹಸಾಲಗಾರ ಎಂದು ಬರೆದಿದ್ದಾರೋ ಜಾಮೀನುದಾರ ಎಂದೋ ನೋಡಬೇಕು. ಸಹಸಾಲಗಾರನಿಗೆ ಅದು ಮೊದಲ ದಿನದಿಂದಲೇ ಸ್ವಂತ ಸಾಲ. ಖಾತೆಯ ವಿವರ ಆಗಾಗ ಕಳಿಸುವಂತೆ ಸಾಲಗಾರನಿಗೆ ಮೊದಲೇ ಹೇಳಿಡಬೇಕು. ಕ್ರೆಡಿಟ್ ವರದಿ ನೀಡುವ ಸಿಬಿಲ್ ಮುಂತಾದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಾವಲು ಇದ್ದಂತೆ. ಮುಖ್ಯವಾಗಿ, ಸಹಿಗೆ ಮುನ್ನ ಮನೆಯವರಿಗೆ ತಿಳಿಸಬೇಕು. ಪೆಟ್ಟು ಬಿದ್ದರೆ ಅದು ಅವರ ತಟ್ಟೆಗೂ ಬೀಳುತ್ತದೆ.

‘ಇಲ್ಲ’ ಎನ್ನುವುದಾದರೆ ಅಲ್ಲಿಗೇ ಫೋನಿಡಬೇಕಿಲ್ಲ. ನಿಗದಿತ ಯೋಜನೆಯಡಿ 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಬೇಡ. ಸಣ್ಣ ಉದ್ಯಮಕ್ಕೆ ಅಡಮಾನವಿಲ್ಲದ ಮುದ್ರಾ ಸಾಲವಿದೆ. ಅದರ ಅರ್ಜಿ ತುಂಬಲು, ಬ್ಯಾಂಕಿನವರ ಜೊತೆ ಮಾತಾಡಲು ಅರ್ಧ ದಿನ ಕೊಡಬಹುದು. ಮರಳಿ ಬರದಿದ್ದರೂ ನಿದ್ದೆಗೆಡದಷ್ಟು ಮೊತ್ತವನ್ನು ಕೈಯಾರೆ ಕೊಟ್ಟುಬಿಡಬಹುದು. ನಿರಾಕರಿಸಿದ ಬೇಸರ ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯವರೆಗೆ ಇದ್ದೀತು. ಸುಸ್ತಿಯಾದ ಸಾಲದ ಬೇಸರ ಮಕ್ಕಳ ಕಾಲಕ್ಕೂ ಉಳಿಯುತ್ತದೆ.